ಫೋಟೋ-ಫ್ಲೋ ಮಬ್ಬಾಗಿ ಎಳೆಎಳೆ ಬರ್ತಿದೆ

ಕೆಂಪುದೀಪ: ಫಿಲ್ಮ್ ತೊಳೆದ ಮೇಲೆ ನೀರಿನ ಕಲೆ ಬೀಳದಿರಲಿ ಅಂತ ಕೊನೆಗೆ ಅದ್ದೋ ದ್ರಾವಣ ಫೋಟೋ-ಫ್ಲೋ 200 ಪೂರ್ತಿ ಮಬ್ಬು. ಬಾಟಲಿ ಅಲುಗಿಸಿದ್ರೆ ಒಳಗೆ ಲೋಳೆ ಎಳೆ ತೇಲುತ್ತೆ. ಒಣಗಿದ ನೆಗೆಟಿವ್ ಮೇಲೆಲ್ಲ ಚುಕ್ಕೆ. ಸಾಕಾಗಿಹೋಗಿದೆ, ಯಾಕೆ ಹೀಗೆ?

ಬ್ರೊಮೈಡ್: ನೀರು ಗಡಸು. ಡಿಸ್ಟಿಲ್ಡ್ ವಾಟರ್ ಹಾಕಿ, ಮುಗೀತು.

ಗ್ರೇನ್400: ಅಷ್ಟು ಬೇಗ ಮುಗಿಯಲ್ಲ. ಅದರಲ್ಲಿರೋದು ನಾನ್‌-ಅಯಾನಿಕ್ ಸರ್ಫ್ಯಾಕ್ಟಂಟ್, ಅಂದ್ರೆ ವಿದ್ಯುದಂಶ ಇಲ್ಲದ, ನೀರನ್ನ ಸಮವಾಗಿ ಹರಡಿಸೋ ವಸ್ತು; ಸೋಪಿನ ಹಾಗೆ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಗಸಿ ಕಟ್ಟಲ್ಲ. ಮಬ್ಬಾಗಿರೋದು ಕೊಂಡು ತಂದ ಗಟ್ಟಿ ಕಾನ್ಸಂಟ್ರೇಟೋ, ನೀರು ಬೆರೆಸಿಟ್ಟಿದ್ದೋ?

ಬ್ರೊಮೈಡ್: ಚುಕ್ಕೆ ಬಿದ್ದಿದೆ ಅಂದ್ರಲ್ಲ? ಕ್ಯಾಲ್ಸಿಯಂ ಅಲ್ದೆ ಇನ್ನೇನು?

ಕೆಂಪುದೀಪ: ಬೆರೆಸಿದ್ದೇ. 1 ಲೀಟರ್ ಮಾಡಿಟ್ಟು ಅದನ್ನೇ ಬಳಸ್ತಾ ಇದೀನಿ. ಎಲ್ಲರೂ ಹಾಗೇ ತಾನೇ ಮಾಡೋದು?

ಗ್ರೇನ್400: ಇದನ್ನ ಮೊದಲೇ ಹೇಳೋದಲ್ವಾ! ಕಾನ್ಸಂಟ್ರೇಟ್‌ನಲ್ಲಿ ಗ್ಲೈಕಾಲ್ ಸಾಕಷ್ಟಿರುತ್ತೆ, ಸೂಕ್ಷ್ಮಜೀವಿ ಸುಲಭಕ್ಕೆ ಬೆಳೆಯಲ್ಲ. 1:200, ಅಂದ್ರೆ ಒಂದು ಪಾಲಿಗೆ 200 ಪಾಲು ನೀರು ಹಾಕಿದ ಮೇಲೆ ಆ ರಕ್ಷಣೆ ಹೋಯ್ತು. ಫಿಲ್ಮ್‌ನಿಂದ ಬಿಟ್ಟ ಜೆಲಟಿನ್ ಅವಕ್ಕೆ ಊಟ. ಎಳೆ ಅಂದ್ರೆ ಬ್ಯಾಕ್ಟೀರಿಯಾ, ಬೂಸ್ಟು. ಸೋಸಿದ್ರೆ ಎಳೆ ನಿಲ್ಲುತ್ತೆ, ಜೀವಿ ದಾಟಿಹೋಗುತ್ತೆ.
ಚೆಲ್ಲಿಬಿಡಿ. ಬಾಟಲಿ, ಮುಚ್ಚಳ ಎರಡನ್ನೂ ತೆಳು ಬ್ಲೀಚ್‌ನಲ್ಲಿ ನೆನೆಸಿ, ವಾಸನೆ ಪೂರ್ತಿ ಹೋಗೋವರೆಗೆ ತೊಳೀರಿ. ಬ್ಲೀಚ್ ಉಳಿದ್ರೆ ಫಿಲ್ಮ್ ಮೇಲೆ ಚಿತ್ರ ಇರೋ ಪದರ, ಅಂದ್ರೆ ಎಮಲ್ಷನ್‌ಗೇ ಪೆಟ್ಟು. ಮುಂದೆ ಸಿರಿಂಜ್‌ನಲ್ಲಿ 2.5 ಮಿಲಿ ಅಳೆದು 500 ಮಿಲಿ ಡಿಸ್ಟಿಲ್ಡ್ ವಾಟರ್‌ಗೆ ಹಾಕಿ, ಫಿಲ್ಮ್ 30 ಸೆಕೆಂಡ್ ಇಟ್ಟು, ಕೆಲಸ ಆದ್ಮೇಲೆ ಚೆಲ್ಲಿ.

ಬ್ರೊಮೈಡ್: ಕೊನೆಗೂ ಡಿಸ್ಟಿಲ್ಡ್ ವಾಟರ್‌ಗೇ ಬಂದ್ರಿ.

ಗ್ರೇನ್400: ಚುಕ್ಕೆಗೆ ಹೌದು, ಮಬ್ಬಿಗೆ ಅಲ್ಲ.

ಸ್ಟೀಲ್‌ರೀಲ್: ಪ್ಲಾಸ್ಟಿಕ್ ರೀಲ್ ಸಮೇತ ಅದ್ದುತ್ತಿದ್ದೀರಾ? ಫಿಲ್ಮ್ ಸುತ್ತೋ ರೀಲ್ ತೋಡಿನಲ್ಲಿ ಅಂಟು ಕೂರುತ್ತೆ, ಮುಂದಿನ ಫಿಲ್ಮ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತೆ. ಫಿಲ್ಮ್ ಬಿಚ್ಚಿ, ಬೇರೆ ಪಾತ್ರೇಲಿ ಅದ್ದಿ. ನಂದು ಎಲ್ಲಾ ಸ್ಟೀಲ್, ಒಣಗಿಸೋಕೆ ಫಿಲ್ಟರ್ ಹಾಕಿದ ಕ್ಯಾಬಿನೆಟ್, ಧೂಳಿನ ಮಾತೇ ಇಲ್ಲ.

ಬ್ರೊಮೈಡ್: ಬಿಸಿನೀರಲ್ಲಿ ತೊಳೆದ್ರೆ ಪ್ಲಾಸ್ಟಿಕ್ಕೂ ಸರಿಯಾಗೇ ಇರುತ್ತೆ. ಸ್ಟೀಲ್‌ನವರ ಹಳೇ ರಾಗ.

ಕೆಂಪುದೀಪ: ರೀಲ್ ಜಗಳ ಆಮೇಲೆ. ಕಾನ್ಸಂಟ್ರೇಟ್ ಕೂಡ ಸ್ವಲ್ಪ ಮಂಜು ಮಂಜಾಗಿದೆ, ಎಳೆ ಇಲ್ಲ.

ಗ್ರೇನ್400: ಬಾಟಲಿನ ಉಗುರುಬೆಚ್ಚಗಿನ ನೀರಲ್ಲಿಟ್ಟು ಮೆಲ್ಲಗೆ ತಿರುಗಿಸಿ. ತಿಳಿಯಾದ್ರೆ ಚಳಿಗೆ ಬೇರ್ಪಟ್ಟಿದ್ದು ಅಷ್ಟೇ, ಬಳಸಿ. ಕುದಿನೀರು ಮಾತ್ರ ಬೇಡ. ಈ ಜಾತಿ ಸರ್ಫ್ಯಾಕ್ಟಂಟ್ ಕ್ಲೌಡ್ ಪಾಯಿಂಟ್ ಅನ್ನೋ ಬಿಸಿಯ ಮಿತಿ ದಾಟಿದ್ರೆ ನೀರಿಂದ ಬಿಟ್ಟುಕೊಂಡು ಬೆಳ್ಳಗಾಗುತ್ತೆ, ಆಗ ಏನೂ ಗೊತ್ತಾಗಲ್ಲ. ಬೆಚ್ಚಗೆ ಮಾಡಿದ್ರೂ ತಿಳಿಯಾಗದಿದ್ರೆ, ವಾಸನೆ ಬಂದ್ರೆ ಎಸೀರಿ.

ಕೆಂಪುದೀಪ: ತಿಳಿಯಾಯ್ತು. ಚುಕ್ಕೆ ಬಿದ್ದ ನೆಗೆಟಿವ್?

ಗ್ರೇನ್400: 20 ಡಿಗ್ರಿ ನೀರಲ್ಲಿ 10 ನಿಮಿಷ ನೆನೆಸಿ, ಹೊಸ ದ್ರಾವಣದಲ್ಲಿ ಅದ್ದಿ ನೇತುಹಾಕಿ. ಒದ್ದೆ ಎಮಲ್ಷನ್ ಒರೆಸಬೇಡಿ.

ಸ್ಟೀಲ್‌ರೀಲ್: ಸ್ಕ್ವೀಜಿ, ಅಂದ್ರೆ ನೀರು ಒರೆಸೋ ರಬ್ಬರ್ ಪಟ್ಟಿ, ಎಳೆದ್ರೆ ಏನಾಗುತ್ತೆ?

ಬ್ರೊಮೈಡ್: ಗೀರು.