ಪ್ರಶ್ನೋತ್ತರ: ಸ್ವಿಚ್ಚಿನ ಕನ್ಸೋಲ್, ವಿಟಿವೈ ಲೈನ್, ಟೈಮೌಟ್

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ನಮ್ಮ ನೆಟ್‌ವರ್ಕ್ ಎಂಜಿನಿಯರ್ ಮೇಡಂ ಗುಂಪಿನಲ್ಲಿ ಇರುತ್ತಾರೆ. ವಿಷಯ: ಸಿಸ್ಕೋ ಕ್ಯಾಟಲಿಸ್ಟ್ ಸ್ವಿಚ್ಚುಗಳಲ್ಲಿ ಕಮಾಂಡ್ ಲೈನಿನಿಂದ ಟರ್ಮಿನಲ್ ಸೆಟ್ಟಿಂಗ್. ಒಬ್ಬರು ಒಂದೇ ಪ್ರಶ್ನೆ ಕೇಳಿ. ಪಾಸ್‌ವರ್ಡ್ ಕಾಣುವ ಸ್ಕ್ರೀನ್‌ಶಾಟ್ ಹಾಕಬೇಡಿ.

ಹೊಸ ಟ್ರೈನಿ: ಮೇಡಂ, ಸ್ವಿಚ್ಚಿನ ಸೆಟ್ಟಿಂಗ್ (ಕಾನ್ಫಿಗ್) ನೋಡಲು ‘ಶೋ ರನ್’ ಕೊಟ್ಟರೆ ಅರ್ಧಕ್ಕೆ ‘ಮೋರ್’ ಅಂತ ನಿಲ್ಲುತ್ತದೆ. ‘ಟರ್ಮಿನಲ್ ಲೆಂತ್ 0’ ಕೊಟ್ಟೆ, ಸರಿಯಾಯಿತು. ಮರುದಿನ ಲಾಗಿನ್ ಆದರೆ ಮತ್ತೆ ಹಾಗೇ. ಸೇವ್ ಕೂಡ ಮಾಡಿದ್ದೆ.

ಮೇಡಂ: ನೀವು ಕೊಟ್ಟಿದ್ದು ಸರಿಯಾದ ಕಮಾಂಡೇ. ‘ಟರ್ಮಿನಲ್’ ಅಂತ ಶುರುವಾಗುವವು ಆ ಸೆಷನ್ನಿಗೆ ಮಾತ್ರ. ಹೊರಗೆ ಬಂದರೆ ಹೋಯಿತು, ಸೇವ್ ಮಾಡಿದರೂ ಉಳಿಯುವುದಿಲ್ಲ. ಮತ್ತೆ 24 ಸಾಲು, 80 ಅಕ್ಷರದ ಅಗಲಕ್ಕೆ ಬರುತ್ತದೆ. ಕಾಯಂ ಬೇಕಾದರೆ ಕಾನ್ಫಿಗ್ ಮೋಡಿನಲ್ಲಿ ‘ಲೈನ್ ವಿಟಿವೈ 0 15’ ಒಳಗೆ ‘ಲೆಂತ್ 0’ ಕೊಡಬೇಕು. ವಿಟಿವೈ ಅಂದರೆ ನೆಟ್‌ವರ್ಕಿನಿಂದ ಲಾಗಿನ್ ಆಗುವವರಿಗೆ ಇರುವ ಲೈನುಗಳು. ಕನ್ಸೋಲಿಗೆ, ಅಂದರೆ ಸ್ವಿಚ್ಚಿಗೆ ನೇರ ಕೇಬಲ್ ಚುಚ್ಚುವ ಪೋರ್ಟಿಗೆ ಮಾತ್ರ ಹಾಗೆ ಮಾಡಬೇಡಿ. 9600 ವೇಗದಲ್ಲಿ ಸೆಕೆಂಡಿಗೆ 960 ಅಕ್ಷರ ಬರುತ್ತದೆ ಅಷ್ಟೇ. ತಪ್ಪಿ ‘ಶೋ ಟೆಕ್’ ಅನ್ನುವ ಉದ್ದದ ವರದಿ ಕೇಳಿದರೆ ಅದು ಮುಗಿಯುವ ತನಕ ಕೂತಿರಬೇಕು. ನಿಲ್ಲಿಸಲು ಕಂಟ್ರೋಲ್, ಶಿಫ್ಟ್, 6 ಮೂರೂ ಒಟ್ಟಿಗೆ ಒತ್ತಿ.

ದಾವಣಗೆರೆ ಕೇಬಲ್: ಕನ್ಸೋಲ್ ಹಾಕಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ, ಚೌಕ, ಏನೇನೋ ಬರುತ್ತದೆ. ಕೇಬಲ್ ಹಾಳಾಗಿದೆಯಾ?

ಮೇಡಂ: ಏನೋ ಬರುತ್ತಿದೆ ಅಂದರೆ ಕೇಬಲ್ ಚೆನ್ನಾಗಿದೆ. ವೇಗ ಹೊಂದುತ್ತಿಲ್ಲ. 9600 ಹಾಕಿ. ಬರದಿದ್ದರೆ 115200. ಮೊದಲು ಯಾರೋ ವೇಗ ಬದಲಿಸಿರುತ್ತಾರೆ. ಅಕ್ಷರ ಬರುತ್ತದೆ, ಆದರೆ ಟೈಪ್ ಮಾಡಿದ್ದು ಹೋಗುತ್ತಿಲ್ಲ ಅನ್ನುವವರು ಪುಟ್ಟಿ ಅನ್ನುವ ಟರ್ಮಿನಲ್ ಸಾಫ್ಟ್‌ವೇರಿನಲ್ಲಿ ಫ್ಲೋ ಕಂಟ್ರೋಲನ್ನು ‘ನನ್’ (ಯಾವುದೂ ಬೇಡ) ಮಾಡಿ ನೋಡಿ.

ಕಾಲೇಜು ಐಟಿ: ಮೇಡಂ, ಸ್ವಲ್ಪ ಅರ್ಜೆಂಟ್. ನಮ್ಮ ಕಾಲೇಜಿನ ಎರಡನೇ ಬ್ಲಾಕಿನಲ್ಲಿ 2960-ಎಕ್ಸ್ ಸ್ವಿಚ್ಚು, 48 ಪೋರ್ಟ್. ಪಿಂಗ್ ಬರುತ್ತದೆ. ಲ್ಯಾಬಿನಲ್ಲಿ ಇಂಟರ್ನೆಟ್ ಓಡುತ್ತಿದೆ. ಆದರೆ ಪುಟ್ಟಿಯಿಂದ ಹೋದರೆ ‘ಕನೆಕ್ಷನ್ ರಿಫ್ಯೂಸ್ಡ್’. ಹೋದ ವಾರ ಇದೇ ಲ್ಯಾಪ್‌ಟಾಪಿನಿಂದ ಹೋಗುತ್ತಿತ್ತು. ಕಾನ್ಫಿಗ್ ಮಾಡಿದವರು ಕೆಲಸ ಬಿಟ್ಟು ಹೋಗಿದ್ದಾರೆ. ಪವರ್ ತೆಗೆದು ಹಾಕಿಬಿಡಲಾ?

ಮೇಡಂ: ಪವರ್ ಮುಟ್ಟಬೇಡಿ. ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ರ್‍ಯಾಕಿನ ಹತ್ತಿರ ಹೋಗಿ.

ಪಿಂಗ್ ಬರುತ್ತಿದೆ, ಟ್ರಾಫಿಕ್ ಓಡುತ್ತಿದೆ ಅಂದರೆ ಸ್ವಿಚ್ಚು ಸರಿಯಾಗಿದೆ. ಹೋದ ವಾರ ಆಗುತ್ತಿತ್ತು, ಈಗ ರಿಫ್ಯೂಸ್ ಅನ್ನುತ್ತಿದೆ ಅಂದರೆ ನನ್ನ ಮೊದಲ ಅನುಮಾನ ವಿಟಿವೈ ಲೈನುಗಳೆಲ್ಲ ಭರ್ತಿಯಾಗಿವೆ ಅಂತ. ಈ ಸ್ವಿಚ್ಚಿನಲ್ಲಿ ಅವು 0ಯಿಂದ 15ರವರೆಗೆ, ಒಟ್ಟು 16. ದೂರದಿಂದ ಲಾಗಿನ್ ಆಗುವ ಟೆಲ್‌ನೆಟ್ ಆಗಲಿ, ಅದೇ ಕೆಲಸವನ್ನು ಗುಪ್ತಲಿಪಿಯಲ್ಲಿ ಮಾಡುವ ಎಸ್‌ಎಸ್‌ಎಚ್ ಆಗಲಿ, ಒಳಗೆ ಬಂದವರಿಗೆಲ್ಲ ಒಂದೊಂದು ಲೈನ್ ಬೇಕು. ಯಾರೋ ‘ಎಕ್ಸೆಕ್-ಟೈಮೌಟ್ 0 0’ ಹಾಕಿಟ್ಟರೆ ಸೆಷನ್ ತಾನಾಗಿ ಮುಗಿಯುವುದೇ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿಕೊಂಡು ಮನೆಗೆ ಹೋದರೂ ಸ್ವಿಚ್ಚಿನ ಕಡೆ ಆ ಲೈನ್ ಹಿಡಿದೇ ಇರುತ್ತದೆ. ಹೀಗೆ ಒಂದೊಂದಾಗಿ 16 ತುಂಬಿದ ದಿನ ಬಾಗಿಲು ಮುಚ್ಚಿತು.

ಪವರ್ ತೆಗೆದರೆ ಲೈನ್ ಖಾಲಿಯಾಗುತ್ತದೆ, ನಿಜ. ಆದರೆ ಹಿಂದಿನವರು ಕೊನೆಗೆ ಮಾಡಿದ ಬದಲಾವಣೆ ಸೇವ್ ಮಾಡಿದ್ದರಾ? ನಿಮಗೆ ಗೊತ್ತಿಲ್ಲ. ಮಾಡಿಲ್ಲದಿದ್ದರೆ ಯಾವ ಪೋರ್ಟ್ ಯಾವ ವಿಲ್ಯಾನಿನಲ್ಲಿ (ಸ್ವಿಚ್ಚಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಇತ್ತು, ಸ್ವಿಚ್ಚುಗಳನ್ನು ಜೋಡಿಸುವ ಟ್ರಂಕ್ ಹೇಗಿತ್ತು ಎಲ್ಲ ಹೋಗುತ್ತದೆ. ಈಗ ಓಡುತ್ತಿರುವ ಲ್ಯಾಬೂ ನಿಲ್ಲುತ್ತದೆ.

ಕನ್ಸೋಲ್ ಕೇಬಲ್ ತೆಗೆದುಕೊಂಡು ಹೋಗಿ. ವಿಟಿವೈ ತುಂಬಿದ್ದರೂ ಕನ್ಸೋಲ್ ಬೇರೆ ಲೈನ್, ಅದು ಸಿಗುತ್ತದೆ. ಪುಟ್ಟಿಯಲ್ಲಿ ಮೊದಲೇ ಲಾಗಿಂಗ್ ಆನ್ ಮಾಡಿ, ಪರದೆಗೆ ಬಂದದ್ದೆಲ್ಲ ಫೈಲಿಗೆ ಹೋಗಲಿ. ಒಳಗೆ ಹೋಗಿ ‘ಟರ್ಮಿನಲ್ ಲೆಂತ್ 0’ ಕೊಟ್ಟು ‘ಶೋ ರನ್ನಿಂಗ್-ಕಾನ್ಫಿಗ್’ (ಈಗ ಓಡುತ್ತಿರುವುದು), ಆಮೇಲೆ ‘ಶೋ ಸ್ಟಾರ್ಟಪ್-ಕಾನ್ಫಿಗ್’ (ಸೇವ್ ಆಗಿರುವುದು), ಕೊನೆಗೆ ‘ಶೋ ಯೂಸರ್ಸ್’ (ಒಳಗೆ ಯಾರಿದ್ದಾರೆ). ಈ ಮೂರೂ ಫೈಲಿಗೆ ಬರುವ ತನಕ ಬೇರೇನೂ ಮಾಡಬೇಡಿ. ‘ಶೋ ಯೂಸರ್ಸ್’ ಮಾತ್ರ ಇಲ್ಲಿ ಹಾಕಿ. ಕಾನ್ಫಿಗ್ ಹಾಕಬೇಡಿ, ಅದರಲ್ಲಿ ಪಾಸ್‌ವರ್ಡ್ ಇರುತ್ತದೆ.

ಕಾಲೇಜು ಐಟಿ: ಸರಿ ಮೇಡಂ, ಹೊರಟೆ.

ಕರಾವಳಿ ನೆಟ್: ‘ಮೋರ್’ ಬರದ ಹಾಗೆ ಮಾಡುವುದು ಹೇಗೆ?

ಮೇಡಂ: ಮೇಲೆ ಇದೆ.

ಚಿಕ್ಕೋಡಿ ಸಿಸ್ಟಂ: ಟೈಪ್ ಮಾಡುತ್ತಿರುವಾಗ ನಡುವೆ ಲಾಗ್ ಮೆಸೇಜ್ ಬಂದು ಕಮಾಂಡ್ ಒಡೆದುಹೋಗುತ್ತದೆ.

ಮೇಡಂ: ‘ಲೈನ್ ಕಾನ್ 0’ ಒಳಗೆ ‘ಲಾಗಿಂಗ್ ಸಿಂಕ್ರೊನಸ್’. ವಿಟಿವೈಗೂ ಹಾಕಿ. ಮೆಸೇಜ್ ಬಂದ ಮೇಲೆ ನೀವು ಟೈಪ್ ಮಾಡಿದ್ದನ್ನು ಕೆಳಗೆ ಮತ್ತೆ ತೋರಿಸುತ್ತದೆ.

ರ್‍ಯಾಕ್ ರೂಮ್: ಕಮಾಂಡ್ ತಪ್ಪಾಗಿ ಹೊಡೆದರೆ ಅರ್ಧ ನಿಮಿಷ ಹ್ಯಾಂಗ್ ಆಗುತ್ತದೆ, ‘ಟ್ರಾನ್ಸ್‌ಲೇಟಿಂಗ್’ ಅನ್ನುತ್ತದೆ. ಸಿಟ್ಟು ಬರುತ್ತದೆ.

ಮೇಡಂ: ನಿಮ್ಮ ತಪ್ಪು ಪದವನ್ನು ಅದು ಯಾವುದೋ ಕಂಪ್ಯೂಟರಿನ ಹೆಸರು ಅಂದುಕೊಂಡು ಡಿಎನ್‌ಎಸ್‌ನಲ್ಲಿ ಹುಡುಕುತ್ತಿದೆ. ಎಲ್ಲರೂ ‘ನೋ ಐಪಿ ಡೊಮೇನ್-ಲುಕಪ್’ ಹೇಳಿಕೊಡುತ್ತಾರೆ, ಅದರಿಂದ ಸ್ವಿಚ್ಚಿಗೆ ಹೆಸರು ಹುಡುಕುವುದೇ ನಿಂತುಹೋಗುತ್ತದೆ. ಹೆಸರು ಬೇಕಾದವರು ಲೈನಿನ ಒಳಗೆ ‘ಟ್ರಾನ್ಸ್‌ಪೋರ್ಟ್ ಪ್ರಿಫರ್ಡ್ ನನ್’ ಹಾಕಿ. ಹುಡುಕಾಟ ಉಳಿಯುತ್ತದೆ, ಕಾಯುವುದು ತಪ್ಪುತ್ತದೆ. ನನಗೆ ಇದೇ ಇಷ್ಟ.

ಬಳ್ಳಾರಿ ಲಿಂಕ್: ಎನೇಬಲ್ ಪಾಸ್‌ವರ್ಡ್ ಮರೆತುಹೋಗಿದೆ, 3750.

ಶುಭೋದಯ ಟೆಕ್: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. ಫಾರ್ವರ್ಡ್ ಆಗಿ ಬಂದಿದ್ದು: ‘ಸ್ವಿಚ್ ಸ್ಪೀಡ್ ಡಬಲ್ ಮಾಡುವ ಕಮಾಂಡುಗಳು. ವಿಟಿವೈ ಲೈನಿನಲ್ಲಿ ಎಕ್ಸೆಕ್-ಟೈಮೌಟ್ 0 0, ನೋ ಲಾಗಿನ್, ಪ್ರಿವಿಲೆಜ್ ಲೆವೆಲ್ 15, ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಆಲ್. ತೊಂದರೆ ಬಂದರೆ ಡಿಬಗ್ ಆಲ್ ಹಾಕಿ ನೋಡಿ. ಎಲ್ಲಾ ಗುಂಪಿಗೂ ಕಳಿಸಿ.’

ಮೇಡಂ: ಇದನ್ನು ಯಾರೂ ಹಾಕಬೇಡಿ. ಅಡ್ಮಿನ್, ಇದನ್ನು ಅಳಿಸಿ.

‘ನೋ ಲಾಗಿನ್’ ಅಂದರೆ ಪಾಸ್‌ವರ್ಡ್ ಕೇಳುವುದೇ ಇಲ್ಲ. ‘ಪ್ರಿವಿಲೆಜ್ ಲೆವೆಲ್ 15’ ಅಂದರೆ ಒಳಗೆ ಬಂದವರು ನೇರ ಎನೇಬಲ್ ಮೋಡಿಗೆ, ಅಂದರೆ ಪೂರ್ಣ ಅಧಿಕಾರಕ್ಕೆ ಬಂದು ನಿಲ್ಲುತ್ತಾರೆ. ‘ಇನ್‌ಪುಟ್ ಆಲ್’ ಅಂದರೆ ಟೆಲ್‌ನೆಟ್ಟೂ ತೆರೆದಿದೆ. ನಿಮ್ಮ ನೆಟ್‌ವರ್ಕಿನಲ್ಲಿ ಕೂತ ಯಾರು ಬೇಕಾದರೂ ಟೆಲ್‌ನೆಟ್ ಮಾಡಿ ಸ್ವಿಚ್ಚು ಅಳಿಸಬಹುದು. ‘ಡಿಬಗ್ ಆಲ್’ ಓಡುತ್ತಿರುವ ಸ್ವಿಚ್ಚಿನಲ್ಲಿ ಕೊಟ್ಟರೆ ಮೆಸೇಜುಗಳ ಪ್ರವಾಹದಲ್ಲಿ ಸಿಪಿಯು ಮುಳುಗುತ್ತದೆ, ನಿಲ್ಲಿಸಲು ‘ಅನ್‌ಡಿಬಗ್ ಆಲ್’ ಟೈಪ್ ಮಾಡುವುದಕ್ಕೂ ಬಿಡುವುದಿಲ್ಲ. ಇದರಲ್ಲಿ ಯಾವುದಕ್ಕೂ ಸ್ಪೀಡಿಗೂ ಸಂಬಂಧ ಇಲ್ಲ.

ಶುಭೋದಯ ಟೆಕ್: ನನ್ನದಲ್ಲ ಮೇಡಂ, ಬಂದಿದ್ದನ್ನು ಕಳಿಸಿದೆ.

ಮೇಡಂ: ಗೊತ್ತಿಲ್ಲದ ಕಮಾಂಡ್ ಕಳಿಸಬೇಡಿ. ಹೊಸ ಹುಡುಗರು ನಂಬಿ ಹಾಕುತ್ತಾರೆ.

ತಾಲ್ಲೂಕು ಆಫೀಸ್ ಐಟಿ: ಟೆಲ್‌ನೆಟ್ ಪೂರ್ತಿ ತೆಗೆಯಿರಿ ಅನ್ನುವುದು ಸುಲಭ. ನಮ್ಮಲ್ಲಿ ಹಳೆಯ 2950 ಇದೆ. ಅದರ ಸಾಫ್ಟ್‌ವೇರಿನಲ್ಲಿ ಎಸ್‌ಎಸ್‌ಎಚ್ ಇಲ್ಲವೇ ಇಲ್ಲ.

ಬೆಂಗಳೂರು ಕ್ಲೌಡ್: ಹಾಗಾದರೆ ಬದಲಿಸಿ. ಟೆಲ್‌ನೆಟ್ 1983ರ ಆರ್‌ಎಫ್‌ಸಿ 854, ಅಷ್ಟು ಹಳೆಯ ಮಾನದಂಡ. ಪಾಸ್‌ವರ್ಡ್ ತೆರೆದ ಅಕ್ಷರದಲ್ಲಿ ಹೋಗುತ್ತದೆ. ಈ ಕಾಲದಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

ತಾಲ್ಲೂಕು ಆಫೀಸ್ ಐಟಿ: ದುಡ್ಡು ನೀವು ಕೊಡುತ್ತೀರಾ? ಒಂದು ಸ್ವಿಚ್ಚಿಗೆ ಎಷ್ಟು ಸಹಿ ಬೇಕು ಅಂತ ಬಂದು ನೋಡಿ.

ಬೆಂಗಳೂರು ಕ್ಲೌಡ್: ದುಡ್ಡಿಲ್ಲ ಅಂತ ಬೀಗ ಇಲ್ಲದ ಮನೆಯಲ್ಲಿ ಇರುತ್ತೀರಾ?

ತಾಲ್ಲೂಕು ಆಫೀಸ್ ಐಟಿ: ಎಸಿ ರೂಮಿನಲ್ಲಿ ಕೂತವರಿಗೆ ಎಲ್ಲ ಸುಲಭ. ನಮಗೆ ಪಾಠ ಮಾಡಬೇಡಿ.

ರ್‍ಯಾಕ್ ರೂಮ್: ಇಬ್ಬರೂ ಸುಮ್ನೆ ಇರಿ, ಪ್ರಶ್ನೆ ಮೇಲೆ ಹೋಗುತ್ತಿದೆ.

ಬೆಂಗಳೂರು ಕ್ಲೌಡ್: ನಿಮ್ಮನ್ನು ಯಾರು ಕೇಳಿದರು?

ಮೇಡಂ: ಜಗಳ ಬೇರೆ ಕಡೆ ಮಾಡಿ. 2950ಗೆ: ಎಸಿಎಲ್‌ನಲ್ಲಿ (ಯಾರನ್ನು ಬಿಡಬೇಕು ಅನ್ನುವ ಪಟ್ಟಿ) ನಿಮ್ಮ ಒಂದೇ ಕಂಪ್ಯೂಟರಿನ ವಿಳಾಸ ಬರೆಯಿರಿ. ಅದನ್ನು ವಿಟಿವೈ ಲೈನಿಗೆ ‘ಆಕ್ಸೆಸ್-ಕ್ಲಾಸ್’ನಿಂದ ಕಟ್ಟಿ. ಮ್ಯಾನೇಜ್‌ಮೆಂಟಿಗೆ ಬೇರೆ ವಿಲ್ಯಾನ್ ಇಡಿ. ಬದಲಿಸುವ ಪ್ರಸ್ತಾವ ಇವತ್ತೇ ಬರೆದು ಕಳಿಸಿ, ಕಾಗದದಲ್ಲಿ ಇರಲಿ.

ಹೊಸ ಟ್ರೈನಿ: ಲ್ಯಾಬಿನಲ್ಲಿ ಕಲಿಯುವಾಗ ಕನ್ಸೋಲಿಗೆ ಟೈಮೌಟ್ 0 0 ಹಾಕಬಹುದಾ?

ಮೇಡಂ: ಲ್ಯಾಬಿನಲ್ಲಿ ಹಾಕಿ. ಓಡುತ್ತಿರುವ ಸ್ವಿಚ್ಚಿನಲ್ಲಿ ಬೇಡ. ನೀವು ಎನೇಬಲ್ ಮೋಡಿನಲ್ಲಿ ಬಿಟ್ಟು ಕೇಬಲ್ ಕಿತ್ತರೆ, ಮುಂದೆ ಕೇಬಲ್ ಚುಚ್ಚಿದವರಿಗೆ ಅದೇ ಸೆಷನ್ ಪಾಸ್‌ವರ್ಡ್ ಇಲ್ಲದೆ ಸಿಗುತ್ತದೆ.

ಕಾಲೇಜು ಐಟಿ: ಮೇಡಂ, ನೀವು ಹೇಳಿದ ಹಾಗೇ ಇದೆ. ಮೂರೂ ಫೈಲಿಗೆ ತೆಗೆದೆ. ರನ್ನಿಂಗಿನಲ್ಲಿ ಎಂಟು ಪೋರ್ಟಿನ ವಿಲ್ಯಾನ್ ಬೇರೆ ಇದೆ, ಸ್ಟಾರ್ಟಪ್‌ನಲ್ಲಿ ಇಲ್ಲ. ‘ಶೋ ಯೂಸರ್ಸ್’ನಲ್ಲಿ 15 ಲೈನ್ ಹಳೆಯವರ ಲ್ಯಾಪ್‌ಟಾಪಿನ ವಿಳಾಸ, ಐಡಲ್ ಕಾಲಂನಲ್ಲಿ ವಾರಗಟ್ಟಲೆ ಇದೆ. ಉಳಿದ ಒಂದು ಲೈನಿನಲ್ಲಿ ಯೂಸರ್ ಹೆಸರಿಲ್ಲ. ವಿಳಾಸ 192.168.40.23. ಬರುತ್ತದೆ, ಹೋಗುತ್ತದೆ, ಮತ್ತೆ ಅದೇ ಬರುತ್ತದೆ. 40 ನಮ್ಮ ಕ್ಯಾಮೆರಾ ವಿಲ್ಯಾನ್.

ಮೇಡಂ: ಆ 15 ಲೈನಿನ ವಿಷಯ ಮುಗಿಯಿತು. ‘ಕ್ಲಿಯರ್ ಲೈನ್ ವಿಟಿವೈ’ ಮುಂದೆ ನಂಬರ್ ಕೊಟ್ಟು ಒಂದೊಂದಾಗಿ ತೆಗೆಯಿರಿ. ಆ ಎಂಟು ಪೋರ್ಟ್ ಈಗ ಸರಿಯಾಗಿ ಓಡುತ್ತಿವೆ ಅಲ್ವಾ? ಹಾಗಾದರೆ ‘ರೈಟ್ ಮೆಮೊರಿ’ ಕೊಡಿ.

ನನಗೆ ಚಿಂತೆ ಆಗಿರುವುದು ಆ ಒಂದು ಲೈನ್. ಕ್ಯಾಮೆರಾಗೆ ಸ್ವಿಚ್ಚಿನ ಒಳಗೆ ಲಾಗಿನ್ ಆಗುವ ಕೆಲಸ ಇಲ್ಲ. ಹೆಸರಿಲ್ಲದೆ ಬಂದು ಹೋಗುತ್ತಿದೆ ಅಂದರೆ ಪಾಸ್‌ವರ್ಡ್ ಊಹಿಸಿ ನೋಡುತ್ತಿರಬಹುದು. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಹಬ್ಬಿದ್ದು ಹೀಗೇ. ಫ್ಯಾಕ್ಟರಿ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳ ಒಳಗೆ ಟೆಲ್‌ನೆಟ್ಟಿನಿಂದ ಹೊಕ್ಕು, ಅಲ್ಲಿಂದ ಮುಂದಿನದನ್ನು ಹುಡುಕುತ್ತಿತ್ತು. ಇದು ಅದೇ ಅಂತ ಇಲ್ಲಿ ಕೂತು ಹೇಳಲಾರೆ, ಆದರೆ ಪರೀಕ್ಷೆ ಮಾಡದೆ ಬಿಡಬೇಡಿ.

ಕೋರ್ ಸ್ವಿಚ್ಚಿನಲ್ಲಿ ‘ಶೋ ಐಪಿ ಎಆರ್‌ಪಿ’ ಮುಂದೆ ಆ ವಿಳಾಸ ಕೊಡಿ, ಆ ಸಾಧನದ ಹಾರ್ಡ್‌ವೇರ್ ವಿಳಾಸವಾದ ಮ್ಯಾಕ್ ಸಿಗುತ್ತದೆ. ಆಮೇಲೆ ‘ಶೋ ಮ್ಯಾಕ್ ಅಡ್ರೆಸ್-ಟೇಬಲ್ ಅಡ್ರೆಸ್’ ಮುಂದೆ ಆ ಮ್ಯಾಕ್. ಪೋರ್ಟ್ ತೋರಿಸುತ್ತದೆ. ಅದು ಟ್ರಂಕ್ ಆಗಿದ್ದರೆ ಆಚೆ ಇರುವ ಸ್ವಿಚ್ಚಿನಲ್ಲಿ ಇದನ್ನೇ ಮಾಡಿ.

ಉಡುಪಿ ವೈರ್: ಮೇಡಂ, ಹೊಸದಾಗಿ ಕಲಿಯಲು ಸಿಸಿಎನ್‌ಎ ಎಲ್ಲಿ ಮಾಡಬೇಕು?

ಶುಭೋದಯ ಟೆಕ್: ಕ್ಯಾಮೆರಾ ವೈರಸ್ಸಿಗೆ ಒಂದು ಆಪ್ ಇದೆ, ಲಿಂಕ್ ಕಳಿಸಲಾ?

ಮೇಡಂ: ಬೇಡ ಅಂದರೆ ಬೇಡ.

ಬೆಂಗಳೂರು ಕ್ಲೌಡ್: ನೋಡಿ, ಟೆಲ್‌ನೆಟ್ ಇಟ್ಟುಕೊಂಡರೆ ಇದೇ ಗತಿ. ನಾನು ಹೇಳಿದ್ದು ಇದನ್ನೇ.

ತಾಲ್ಲೂಕು ಆಫೀಸ್ ಐಟಿ: ಬೇರೆಯವರ ಕಷ್ಟದಲ್ಲಿ ನಿಮಗೆ ಗೆದ್ದ ಖುಷಿ.

ಅಡ್ಮಿನ್: ಇನ್ನೊಂದು ಮಾತು ಬಂದರೆ ಇಬ್ಬರನ್ನೂ ತೆಗೆಯುತ್ತೇನೆ.

ಕಾಲೇಜು ಐಟಿ: ಸಿಕ್ಕಿತು ಮೇಡಂ. 31ನೇ ಪೋರ್ಟ್. ಗೇಟಿನ ಕ್ಯಾಮೆರಾ ರೆಕಾರ್ಡರ್. ಪೋರ್ಟಿಗೆ ಶಟ್‌ಡೌನ್ ಕೊಡಲಾ?

ಮೇಡಂ: ಗೇಟಿನ ರೆಕಾರ್ಡಿಂಗ್ ನಿಲ್ಲುತ್ತದೆ. ಪ್ರಿನ್ಸಿಪಾಲರಿಗೆ ತಿಳಿಸಿ, ಒಪ್ಪಿದ ಮೇಲೆ ಕೊಡಿ. ಅಲ್ಲಿಯವರೆಗೆ ಸ್ವಿಚ್ಚಿನ ಬಾಗಿಲು ಮುಚ್ಚಿ. ನಿಮ್ಮ ಅಡ್ಮಿನ್ ಸಬ್‌ನೆಟ್ ಮಾತ್ರ ಬಿಡುವ 10ನೇ ನಂಬರಿನ ಎಸಿಎಲ್ ಬರೆದು ‘ಲೈನ್ ವಿಟಿವೈ 0 15’ಕ್ಕೆ ‘ಆಕ್ಸೆಸ್-ಕ್ಲಾಸ್ 10 ಇನ್’ ಹಾಕಿ. ಅದರ ಜೊತೆಗೆ ‘ಎಕ್ಸೆಕ್-ಟೈಮೌಟ್ 10 0’ (10 ನಿಮಿಷ), ‘ಲಾಗಿನ್ ಲೋಕಲ್’, ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್’. ಲೋಕಲ್ ಯೂಸರ್ ಮೊದಲೇ ಮಾಡಿರಬೇಕು, ಎಸ್‌ಎಸ್‌ಎಚ್‌ಗೆ ಬೇಕಾದ ಆರ್‌ಎಸ್‌ಎ ಕೀ 2048 ಬಿಟ್ಟಿನದು ಇರಬೇಕು. ಇಲ್ಲದಿದ್ದರೆ ನೀವೇ ಹೊರಗೆ ಉಳಿಯುತ್ತೀರಿ. ಲೈನಿನ ಹೊರಗೆ, ಮುಖ್ಯ ಕಾನ್ಫಿಗಿನಲ್ಲಿ ‘ಸರ್ವಿಸ್ ಟಿಸಿಪಿ-ಕೀಪ್‌ಅಲೈವ್ಸ್-ಇನ್’ ಕೊಡಿ, ಆಚೆ ಯಾರೂ ಇಲ್ಲದ ಸೆಷನ್ ತಾನಾಗಿ ಬೀಳುತ್ತದೆ. ಕನ್ಸೋಲ್ ಕೇಬಲ್ ತೆಗೆಯದೆ, ಇನ್ನೊಂದು ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮಾಡಿ ನೋಡಿ. ಒಳಗೆ ಹೋದ ಮೇಲೆ ಸೇವ್ ಮಾಡಿ.

ರೆಕಾರ್ಡರನ್ನು ಬರೀ ಆಫ್ ಆನ್ ಮಾಡಿದರೆ ಸಾಲದು. ಮಿರಾಯ್ ತರಹದ್ದು ಮೆಮೊರಿಯಲ್ಲಿ ಮಾತ್ರ ಇರುತ್ತದೆ, ರೀಬೂಟಿನಲ್ಲಿ ಹೋಗುತ್ತದೆ, ಹಳೆಯ ಪಾಸ್‌ವರ್ಡ್ ಉಳಿದಿದ್ದರೆ ಮತ್ತೆ ಬರುತ್ತದೆ. ನೆಟ್‌ವರ್ಕಿನಿಂದ ಬಿಡಿಸಿ ರೀಸೆಟ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಆಮೇಲೆ ಜೋಡಿಸಿ.

ಕಾಲೇಜು ಐಟಿ: ಸರಿ. ಉಳಿದ ಬ್ಲಾಕಿನ ಸ್ವಿಚ್ಚುಗಳೂ ಅವರೇ ಕಾನ್ಫಿಗ್ ಮಾಡಿದ್ದು ಮೇಡಂ.

ಮೇಡಂ: ಹಾಗಾದರೆ ಅವುಗಳಲ್ಲೂ 0 0 ಇರುತ್ತದೆ. ಬಾಗಿಲು ಮುಚ್ಚುವ ಮುಂಚೆ ಇವತ್ತೇ ಒಳಗೆ ಹೋಗಿ. ಎಲ್ಲದರ ‘ಶೋ ಯೂಸರ್ಸ್’ ನನಗೆ ಕಳಿಸಿ, ಎಷ್ಟು ಹೊತ್ತಾದರೂ ನೋಡುತ್ತೇನೆ.