ಕೆಲಸ ಬಿಡುವ ಮೊದಲು ಯಾವ ಕಾಗದ ಸರಿ ಮಾಡಿಕೊಳ್ಳಬೇಕು?

ಬೆಣ್ಣೆದೋಸೆ_ಊರವಳು:
ಮುಂದಿನ ತಿಂಗಳು ಕೆಲಸ ಬಿಡುತ್ತಿದ್ದೇನೆ. ದಾವಣಗೆರೆಯ ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕದ ಟೀಚರ್, ಕೈಗೆ ಬರುವುದು 18 ಸಾವಿರ. ಅತ್ತೆಗೆ ಲಕ್ವ ಹೊಡೆದಿದೆ, ಮಗಳು ಎಲ್‌ಕೆಜಿ. ನೋಡಿಕೊಳ್ಳಲು ಜನ ಇಟ್ಟರೆ ನನ್ನ ಸಂಬಳ ಅಲ್ಲಿಗೇ ಸರಿ. ಹಾಗಾಗಿ ಬಿಡಲೋ ಬೇಡವೋ ಅಂತ ಕೇಳುತ್ತಿಲ್ಲ.

ನಮ್ಮವರು ಒಳ್ಳೆಯವರೇ. ದುಡ್ಡು ಕೇಳಿದರೆ ಎಷ್ಟು ಅಂತಾರೆ, ಯಾಕೆ ಅನ್ನುವುದಿಲ್ಲ. ಆದರೂ ಇನ್ನು ಮೇಲೆ ಕೇಳಬೇಕಲ್ಲ! ಮನೆ ಅವರ ಹೆಸರಲ್ಲಿ, ಸಾಲ ಅವರ ಹೆಸರಲ್ಲಿ. ನನ್ನ ಹೆಸರಲ್ಲಿ ಇರುವುದು ಗ್ಯಾಸ್ ಕನೆಕ್ಷನ್. ಮನೆಗೆ ಅಡ್ವಾನ್ಸ್ ಕೊಡಲು ತವರಿನವರು ಹಾಕಿದ ಬಳೆ ಮಾರಿದ್ದೆವು, ಅದು ಯಾವ ಪತ್ರದಲ್ಲೂ ಇಲ್ಲ. ನಾಳೆ ಅವರಿಗೆ ಏನಾದರೂ ಆದರೆ? ಅಥವಾ ನಮ್ಮಿಬ್ಬರ ನಡುವೆಯೇ ಏನಾದರೂ ಆದರೆ?

ಮಲೆನಾಡ_ಸೊಸೆ:
ನಾಮಿನಿ ನಾನೇ ಅಂತ ಸುಮ್ನೆ ಕೂರಬೇಡಿ ತಂಗಿ. ನಾಮಿನಿ ಅಂದರೆ ಮಾಲೀಕಳಲ್ಲ. ವಿಲ್ ಬರೆಯದೆ ಗಂಡ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವರ ಸ್ವಂತ ಗಳಿಕೆ ಹೆಂಡತಿ, ಮಕ್ಕಳು, ತಾಯಿಗೆ ಸಮಪಾಲು. ನಮ್ಮತ್ತೆ ತಮ್ಮ ಪಾಲನ್ನು ಮೈದುನನಿಗೆ ಬರೆದುಕೊಟ್ಟರು. ಮನೆ ಈಗ ಕೋರ್ಟಿನಲ್ಲಿದೆ. ವಿಲ್‌ಗೆ ಸ್ಟಾಂಪ್ ಪೇಪರ್ ಕೂಡ ಬೇಡ. ಅವರ ಸಹಿ, ಇಬ್ಬರು ಸಾಕ್ಷಿ ಸಾಕು. ರಿಜಿಸ್ಟರ್ ಮಾಡಿಸಿದರೆ ಇನ್ನೂ ಒಳ್ಳೆಯದು.

ಪಾಲಿಸಿ_ಮಾವ:
ನಿಮ್ಮವರ ಹೆಸರಲ್ಲಿ ಟರ್ಮ್ ಇನ್ಶೂರೆನ್ಸ್ (ಅವಧಿಯೊಳಗೆ ತೀರಿಕೊಂಡರೆ ಮಾತ್ರ ಮನೆಯವರಿಗೆ ದುಡ್ಡು ಬರುವ ವಿಮೆ) ಇಲ್ಲದಿದ್ದರೆ ಈಗಲೇ ಮಾಡಿಸಿ. ಅರ್ಜಿ ತುಂಬುವಾಗಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ ಅಡಿ ಬೇಕು ಅನ್ನಿ. ಆಗ ಆ ದುಡ್ಡು ಹೆಂಡತಿ ಮಕ್ಕಳಿಗೆ ಮಾತ್ರ, ಸಾಲಗಾರರು ಮುಟ್ಟುವಂತಿಲ್ಲ. ಪಾಲಿಸಿ ಬಂದ ಮೇಲೆ ಸೇರಿಸಲು ಆಗುವುದಿಲ್ಲ. ನಿಮ್ಮ ಹೆಸರಲ್ಲೇ ಒಂದು ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ) ತೆರೆಯಿರಿ, ವರ್ಷಕ್ಕೆ 500 ರೂಪಾಯಿ ಕಟ್ಟಿದರೂ ನಡೆಯುತ್ತದೆ. ಶಾಲೆಯ ಪಿಎಫ್ ದುಡ್ಡು ತೆಗೆದು ಫ್ರಿಜ್ ತರಬೇಡಿ.

ನೇರನುಡಿ:
ಗಂಡನ ಮೇಲೆ ನಂಬಿಕೆ ಇಲ್ಲದ ಮೇಲೆ ಸಂಸಾರ ಯಾಕೆ? ಸರ್ಕಾರ ಬೇರೆ ತಿಂಗಳಿಗೆ 2000 ಕೊಡುತ್ತದೆ.

ಬೆಣ್ಣೆದೋಸೆ_ಊರವಳು:
ಸಾರ್, ಗೃಹಲಕ್ಷ್ಮಿ ದುಡ್ಡು ನಮ್ಮತ್ತೆಗೆ ಬರುತ್ತದೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವರೇ. ಇನ್ನು ನಂಬಿಕೆ. ಬ್ಯಾಂಕಿನವರೂ ನಮ್ಮವರನ್ನು ನಂಬಿಯೇ ಸಾಲ ಕೊಟ್ಟಿದ್ದು. ಆದರೂ ಒಂದು ಕಂತೆ ಕಾಗದಕ್ಕೆ ಸಹಿ ಹಾಕಿಸಿಕೊಂಡರು ಅಲ್ವಾ?

ಕೋರ್ಟ್_ಕ್ಯಾಂಟೀನ್:
ನಿಮ್ಮಿಬ್ಬರ ನಡುವೆಯೇ ಏನಾದರೂ ಆದರೆ ಅನ್ನುವ ಎರಡನೇ ಪ್ರಶ್ನೆಯನ್ನು ಎಲ್ಲರೂ ಹಾರಿಸಿಬಿಟ್ಟರು. ಗೋವಾದಲ್ಲಿ ಮದುವೆಯಾದವರಿಗೆ ಸಾಮಾನ್ಯವಾಗಿ ಆಸ್ತಿಯಲ್ಲಿ ಅರ್ಧರ್ಧ. ನಮ್ಮಲ್ಲಿ ಹಾಗಿಲ್ಲ. ಬೇರೆಯಾದರೆ ಜೀವನಾಂಶ ಕೇಳಬಹುದು, ಮನೆ ಮಾತ್ರ ಪತ್ರದಲ್ಲಿ ಯಾರ ಹೆಸರಿದೆಯೋ ಅವರದು. ಬಳೆ ಸ್ತ್ರೀಧನ, ಅದು ನಿಮ್ಮದೇ. ಗಂಡ ಕಷ್ಟಕ್ಕೆ ಬಳಸಿಕೊಂಡರೂ ವಾಪಸ್ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮಾರಿದ್ದಕ್ಕೆ ಪುರಾವೆ ಬೇಕು. ಮನೆಯಲ್ಲಿ ಪಾಲು ಬೇಕಾದರೆ ದಾನಪತ್ರ ಮಾಡಿಸಬಹುದು, ಹೆಂಡತಿಗೆ ಬರೆದರೆ ಸ್ಟಾಂಪ್ ಡ್ಯೂಟಿ ಕಡಿಮೆ. ಸಾಲ ಇರುವುದರಿಂದ ಮೊದಲು ಬ್ಯಾಂಕಿನ ಒಪ್ಪಿಗೆ ತಗೊಳ್ಳಿ.

ಬೆಣ್ಣೆದೋಸೆ_ಊರವಳು:
ಬಳೆ ಮಾರಿದ ಚೀಟಿ ಹಳೇ ಪರ್ಸಿನಲ್ಲಿ ಸಿಕ್ಕಿತು. ವಿಲ್ ವಿಷಯ ಎತ್ತಿದಾಗ ನಮ್ಮವರ ಮುಖ ಸಪ್ಪಗಾಯಿತು, ರಾತ್ರಿ ಊಟವಾದ ಮೇಲೆ ಒಪ್ಪಿದರು. ಅತ್ತೆಯ ಔಷಧಿ ಖರ್ಚಿಗೆ ಅಂತ ಅದರಲ್ಲೇ ಒಂದು ಎಫ್‌ಡಿ ಬರೆಯಿರಿ ಅಂತ ನಾನೇ ಹೇಳಿದೆ. ಸಾಕ್ಷಿಗೆ ನಮ್ಮಣ್ಣ ಆಗುತ್ತಾನಾ?

ಕೋರ್ಟ್_ಕ್ಯಾಂಟೀನ್:
ಆಗಬಹುದು. ವಿಲ್‌ನಲ್ಲಿ ಅವರಿಗೆ ಏನೂ ಬರೆದಿರಬಾರದು. ಇನ್ನೊಬ್ಬರು ಹೊರಗಿನವರಿರಲಿ, ನಿಮ್ಮವರಿಗಿಂತ ಚಿಕ್ಕ ವಯಸ್ಸಿನವರಾದರೆ ಜಾಸ್ತಿ ಅನುಕೂಲ.