ಅಪ್‌ಡೇಟ್: ಕೊನೆಗೂ ವಿ-ಸ್ಟ್ರಾಮ್ 650 ಬಂತು

ದೂರದ ಪ್ರಯಾಣಕ್ಕೆ ಯಾವ ಬೈಕ್, ಸುಝುಕಿ ವಿ-ಸ್ಟ್ರಾಮ್ 650 ತಗೊಳ್ಳಲಾ, ಕವಾಸಾಕಿ ವರ್ಸಿಸ್ 650 ತಗೊಳ್ಳಲಾ ಅಂತ ಹಿಂದೆ ಇಲ್ಲಿ ಕೇಳಿದ್ದೆ ಅಲ್ವಾ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ವಿ-ಸ್ಟ್ರಾಮ್ ತಗೊಂಡೆ.

ಕಾಗದದ ಮೇಲೆ ನೋಡಿದರೆ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ, ಎರಡರ ಎಂಜಿನ್ನೂ ಟ್ವಿನ್ (ಎರಡು) ಸಿಲಿಂಡರ್, ಟ್ಯಾಂಕ್ ಕೂಡ 20 ಲೀಟರ್ ಆಸುಪಾಸು. ಓಡಿಸಿದಾಗಲೇ ಗೊತ್ತಾಗಿದ್ದು. ವರ್ಸಿಸ್‌ಗೆ ಮುಂದೆ 17 ಇಂಚಿನ ಚಕ್ರ, ತಿರುವಿನಲ್ಲಿ ಚುರುಕು. ಡಾಂಬರು ಬಿಟ್ಟು ಇಳಿಯದವರಿಗೆ ಅದೇ ಸರಿ, ಈಗಲೂ ಹಾಗೇ ಹೇಳುತ್ತೇನೆ. ನನ್ನ ದಾರಿಯಲ್ಲಿ ಗುಂಡಿಯೂ ಜಲ್ಲಿಯೂ ಜಾಸ್ತಿ. ವಿ-ಸ್ಟ್ರಾಮ್‌ನ 19 ಇಂಚಿನ ಮುಂಚಕ್ರ ಅದನ್ನೆಲ್ಲ ನುಂಗಿಕೊಂಡು ಹೋಗುತ್ತದೆ, ಜೊತೆಗೆ ಆ ವಿ-ಟ್ವಿನ್ ಎಂಜಿನ್ (ಎರಡು ಸಿಲಿಂಡರ್ 'V' ಆಕಾರದಲ್ಲಿ ಇರುವಂಥದ್ದು) ಕಡಿಮೆ ಆರ್‌ಪಿಎಂನಲ್ಲೂ, ಅಂದರೆ ನಿಧಾನಕ್ಕೆ ತಿರುಗುವಾಗಲೂ, ಮುನಿಸಿಕೊಳ್ಳದೆ ಎಳೆಯುತ್ತದೆ, ಪದೇ ಪದೇ ಗೇರ್ ಇಳಿಸುವ ಗೋಜಿಲ್ಲ.

ಹೊಂದಿಕೊಳ್ಳಲು ಸ್ವಲ್ಪ ಸಮಯ ಹಿಡಿಯಿತು. ಮೊದಲು ಹೆಲ್ಮೆಟ್‌ಗೆ ಗಾಳಿ ಬಡಿದು ತಲೆ ಅಲುಗಾಡುತ್ತಿತ್ತು. ಗಾಳಿ ತಡೆಯೋಕೆ ಮುಂದೆ ದೊಡ್ಡ ಗಾಜು ಹಾಕಿಸು ಅಂದರು ಕೆಲವರು. ಸುಮ್ನೆ ಖರ್ಚು ಯಾಕೆ ಅಂತ ಇದ್ದ ಗಾಜಿನ ಎತ್ತರ ಬದಲಿಸಿ ನೋಡಿದೆ, ಬಹುಪಾಲು ಸರಿಹೋಯಿತು. ಇದು ಸವಾರನ ಎತ್ತರದ ಮೇಲೆ ನಿಂತ ವಿಷಯ, ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ಆಗಲ್ಲ. ಹ್ಯಾಂಡಲ್ ತುಸು ನನ್ನ ಕಡೆಗೆ ತಿರುಗಿಸಿದ ಮೇಲೆ ಮಣಿಕಟ್ಟಿನ ನೋವೂ ಹೋಯಿತು. ಹಿಂದೆ ಜನ, ಲಗೇಜ್ ಇದ್ದರೆ ಪ್ರೀಲೋಡ್ ನಾಬ್ (ಹಿಂದಿನ ಸಸ್ಪೆನ್ಷನ್ ಸ್ಪ್ರಿಂಗ್ ಬಿಗಿ ಮಾಡುವ ತಿರುಗುಗುಂಡಿ) ಬಿಗಿ ಮಾಡಿ. ಇಲ್ಲದಿದ್ದರೆ ಹಿಂಭಾಗ ಕುಸಿದು, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಚೈನ್‌ಗೆ ಎಣ್ಣೆ ಹಾಕುವ ಕೆಲಸ ಮಾತ್ರ ಬೇಜಾರು. ಚೈನ್ ಬದಲು ಸರಳಿನಿಂದ ಹಿಂಚಕ್ರ ತಿರುಗಿಸುವ ಶಾಫ್ಟ್ ಡ್ರೈವ್ ಬೇಕಿದ್ದರೆ ಬಜೆಟ್ಟೂ ಏರಬೇಕು, ತೂಕವೂ ಏರುತ್ತದೆ. ಸೀಟ್ ಬಗ್ಗೆ ಕೇಳಿದವರಿಗೆ: ಅದನ್ನಿನ್ನೂ ಬದಲಿಸಿಲ್ಲ, ಸದ್ಯಕ್ಕೆ ಬೇಕೂ ಅನಿಸಿಲ್ಲ.